ಅಮವಾಸ್ಯೆಯ ಅರ್ಧ ಸುತ್ತು

ನಮ್ಮ ಮನೆಯಲ್ಲಿ ನನಗೆ ತಿಳಿಸದೆ ಯಾವ ವಸ್ತುವೂ ಬಿಸಿಯಾಗುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಐದೂವರೆಗೆ ಒಲೆ ಹೊತ್ತಬೇಕು, ಆರಕ್ಕೆ ಬಚ್ಚಲಿನ ಹಂಡೆ ಕಾಯಬೇಕು, ಆರೂಕಾಲಿಗೆ ಚಹಾ ಕೈಗೆ ಬರಬೇಕು. ನನ್ನ ಹೆಂಡತಿಯ ತಲೆ ಬಿಸಿಯಾಗುವುದಕ್ಕೂ ಒಂದು ಗೊತ್ತಾದ ವೇಳೆಯಿತ್ತು. ನಾನು ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತ “ಇವತ್ತ ಚಾ ಏಳ ಮಿನಿಟ ತಡಾ ಆತು” ಎನ್ನುವ ವೇಳೆ ಅದು. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಂಟನೆಯ ವಯಸ್ಸಿನಿಂದ ಮಠದ ಬೋರ್ಡಿಂಗಿನಲ್ಲಿ ಬೆಳೆದವನು ನಾನು. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಹಸಿವೆ ಕೂಡ ಗಂಟೆಯ ಸಪ್ಪಳ ಕೇಳಿಯೇ ಹೊಟ್ಟೆಗೆ ಬರುತ್ತಿತ್ತು. ಮುಂದೆ ಮುಂಬಯಿ ಸರ್ಕಾರದ ಕಾಲಕ್ಕೆ ಮಾಸ್ತರನಾಗಿ ಸೇರಿ, ಮೈಸೂರು ಸರ್ಕಾರದಲ್ಲಿ ತಲೆ ನರೆತು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷ ನಿವೃತ್ತನಾದೆ. ಸರ್ಕಾರದ ಹೆಸರು ಎರಡು ಸಲ ಬದಲಾಯಿತು. ನನ್ನ ಟೈಂಟೇಬಲ್ ಒಮ್ಮೆಯೂ ಬದಲಾಗಲಿಲ್ಲ.

ನಾನು ಸಾಲೆಯಲ್ಲಿ ಕಲಿಸುತ್ತಿದ್ದದ್ದು ಕಟ್ಟಿಗೆ ಕೆಲಸ. ಆದ್ದರಿಂದ ನಿವೃತ್ತನಾದ ತಿಂಗಳೇ ಬೈಲಹೊಂಗಲದ ನಮ್ಮ ಮನೆಯ ಹಿಂದಿನ ದನದ ಕೊಟ್ಟಿಗೆಯನ್ನು ಬಳಿದು ಸಾರಿಸಿ, ಕಾರ್ಖಾನೆ ಎಂದು ಹೆಸರಿಟ್ಟೆ. ದನ ಮಾರಿ ಹತ್ತು ವರ್ಷವಾಗಿದ್ದರೂ ಮನೆಯವರು ಅದನ್ನು ಕೊಟ್ಟಿಗೆ ಎಂದೇ ಕರೆಯುತ್ತಿದ್ದರು, ಅದು ಬೇರೆ ಮಾತು. ಕೊಟ್ಟಿಗೆಗೂ ಒಳಗಿನ ಖೋಲಿಗೂ ನಡುವೆ ನಾನೇ ಹಲಗೆ ಜೋಡಿಸಿ ಒಂದು ಅಡ್ಡಗೋಡೆ ಮಾಡಿದೆ. ಹತ್ತಿ ಗಿರಣಿಯೊಂದರಲ್ಲಿ ಮೂಲೆಗೆ ಬಿದ್ದಿದ್ದ ಅರ್ಧ ಅಶ್ವಶಕ್ತಿಯ ಮೋಟಾರು ತಂದು, ಕಟ್ಟಿಗೆ ಕಡೆಯುವ ಲೇಥ್ ಒಂದನ್ನು ನಿಲ್ಲಿಸಿದೆ. ಅದಕ್ಕೆ ಬೇಕಾದ ವೈರು, ಸ್ವಿಚ್ಚು, ಚೀನಿ ಮಣ್ಣಿನ ಫ್ಯೂಜು ಎಲ್ಲವನ್ನೂ ಒಂದು ಬೋರ್ಡಿಗೆ ಕೂಡಿಸಿ, ಆ ಬೋರ್ಡನ್ನು ಮೋಟಾರಿನ ಮಟ್ಟಕ್ಕೆ ತಗ್ಗಿನಲ್ಲೇ ಹಲಗೆಯ ಗೋಡೆಗೆ ಬಿಗಿಸಿದವನು ವೈರಮನ್ ಪರಸಪ್ಪ. ಅವನು ಹೋಗುವಾಗ ಒಂದೇ ಮಾತು ಹೇಳಿದ್ದ: “ಮಾಸ್ತರ್ರ, ಇನ್ನ ಇದನ್ನ ಮುಟ್ಟಾಕ ಹೋಗಬ್ಯಾಡ್ರಿ, ತನ್ನಷ್ಟಕ್ಕ ತಾನ ಇರಲಿ.” ಸೋಮಾರಿಯ ಮಾತು ಎಂದು ನಾನು ಅದನ್ನು ಅಲ್ಲಿಯೇ ಬಿಟ್ಟೆ.

ನಮ್ಮ ಕಡೆ ಹತ್ತಿ ಗಿರಣಿಯಿರಲಿ, ಹಿಟ್ಟಿನ ಗಿರಣಿಯಿರಲಿ, ಅಮವಾಸ್ಯೆಯ ದಿನ ಯಂತ್ರ ನಿಲ್ಲಿಸಿ, ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು ಕಾಯಿ ಒಡೆಯುತ್ತಾರೆ. ಉಳಿದವರು ಇದನ್ನು ಭಕ್ತಿಯಿಂದ ಮಾಡುತ್ತಾರೆ. ನಾನು ಭಕ್ತಿಗೆ ಶಿಸ್ತನ್ನೂ ಸೇರಿಸಿದೆ. ಪ್ರತಿ ಅಮವಾಸ್ಯೆ ಬೆಳಿಗ್ಗೆ ಏಳಕ್ಕೆ ಮೇನ್ ಸ್ವಿಚ್ ಆರಿಸಿ, ಒದ್ದೆ ಬಟ್ಟೆಯಿಂದ ಬೋರ್ಡು ಒರೆಸಿ, ಒಂದೊಂದು ಸ್ಕ್ರೂವನ್ನೂ ಅರ್ಧ ಸುತ್ತು ಬಿಗಿ ಮಾಡಿ, ಆಮೇಲೆ ಮೂರು ಬೆರಳು ವಿಭೂತಿ ಎಳೆಯುವುದು. ಇದಕ್ಕೊಂದು ವಹಿ. ಅದರಲ್ಲಿ ತಿಥಿ, ಕೆಲಸ, ಷರಾ ಎಂದು ಮೂರು ಕಲಮು. ನಿವೃತ್ತಿಯ ದಿನ ಸಾಲೆಯವರು ಕೊಟ್ಟ ಶಾಯಿ ಪೆನ್ನಿನಿಂದಲೇ ಬರೆಯುವುದು, ಆ ಪೆನ್ನಿನಿಂದ ಬೇರೇನನ್ನೂ ಬರೆಯಬಾರದು. ಮೊದಮೊದಲು ಸ್ಕ್ರೂಗಳು ತಿರುಗಲು ಬಹಳ ತ್ರಾಸು ಕೊಡುತ್ತಿದ್ದವು. ಎರಡನೆಯ ವರ್ಷದ ಹೊತ್ತಿಗೆ ಒಂದೆರಡು ಸ್ಕ್ರೂ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗತೊಡಗಿದವು. ನನ್ನ ಕೈ ಪಳಗಿದೆ ಎಂದುಕೊಂಡು, ಷರಾ ಕಲಮಿನಲ್ಲಿ ‘ಪ್ರಗತಿ ಸಮಾಧಾನಕರ’ ಎಂದು ಬರೆದೆ.

ಹೀಗಿರುವಾಗ ನನ್ನ ಮಗಳು ಶಾಂತಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವುದು ನಿಶ್ಚಯವಾಯಿತು. ಅವಳ ಅತ್ತೆಯ ಮನೆ ರಾಮದುರ್ಗದ ಆಚೆ ಸುರೇಬಾನದಲ್ಲಿ. ಕರೆತರಲು ಹೋದಾಗ ಬೀಗತಿ ಬಹಳ ಸೌಮ್ಯವಾಗಿ ಕೇಳಿದರು: “ಹದಿಮೂರನೇ ದಿನ ಕೂಸಿನ್ನ ತೊಟ್ಟಲಕ್ಕ ಹಾಕಬೇಕಲ್ಲರೀ ಬೀಗರ, ತೊಟ್ಟಲಾ ನಿಮ್ಮ ಕಡಿಂದ ಆಗತೇತೋ ಹ್ಯಾಂಗೋ? ಅನುಕೂಲ ಇರದಿದ್ರ ನಮ್ಮಲ್ಲೆ ಒಂದು ಹಳೇದೈತಿ. ಒಂದು ಕಾಲು ಅಷ್ಟ ಗಿಡ್ಡ, ಕೆಳಗ ಇಟ್ಟಂಗಿ ಕೊಟ್ರ ನಡೀತೇತಿ.” ಕಟ್ಟಿಗೆ ಮಾಸ್ತರನಿಗೆ ತೊಟ್ಟಿಲ ಕಾಲಿಗೆ ಇಟ್ಟಿಗೆ ಕೊಡುವ ಮಾತು ಆಡಬಹುದೇ? ನಾನು ಎದ್ದು ನಿಂತು ಹೇಳಿದೆ: “ತರೂದಿಲ್ಲ, ಮಾಡಸೂದಿಲ್ಲ, ನಾನ ನನ್ನ ಕೈಲೆ ಮಾಡತೇನಿ. ಸಾಗವಾನೀದು. ನಾಲ್ಕು ಕಾಲು, ಇಪ್ಪತ್ನಾಲ್ಕು ಕಡದ ಕಂಬಿ. ಹದಿಮೂರನೇ ದಿನ ಮುಂಜಾನೆ ಹತ್ತಕ್ಕ ತಯಾರಿರತೇತಿ, ಬಂದು ನೋಡ್ರಿ.” ಊರು ಬಂದು ಬಸ್ಸಿನಿಂದ ಇಳಿಯುವಾಗ ನನ್ನ ಹೆಂಡತಿ, “ಕೂಸು ಇನ್ನೂ ಹುಟ್ಟಿಲ್ಲ, ಅದಕ್ಕಾಗ್ಲೇ ಟೈಮ ಕೊಟ್ಟ ಬಂದ್ರಿ” ಎಂದಳು.

ಕೂಸು ನನ್ನ ಲೆಕ್ಕಕ್ಕಿಂತ ಹನ್ನೆರಡು ದಿನ ಮೊದಲೇ ಹುಟ್ಟಿತು. ಹೆಣ್ಣು ಮಗು, ಗುಂಡಗಿತ್ತು, ಸಮಯದ ಬಗ್ಗೆ ಯಾವ ಗೌರವವೂ ಇರಲಿಲ್ಲ. ಆ ಹೊತ್ತಿಗೆ ನನ್ನಲ್ಲಿ ತಯಾರಿದ್ದದ್ದು ನಾಲ್ಕು ಕಾಲು, ಆರು ಕಂಬಿ. ಹದಿನೆಂಟು ಕಂಬಿ ಕಡೆಯಲು ಹದಿಮೂರು ದಿನ. ದಿನಕ್ಕೆ ಎರಡರಂತೆ ಹಿಡಿದರೆ ಜೋಡಿಸಲು, ಪಾಲೀಶಿಗೆ ನಾಲ್ಕು ದಿನ ಉಳಿಯುತ್ತವೆ ಎಂದು ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಅಂಟು ಆರುವ ಮೊದಲೇ ಫ್ಯೂಜು ಹೋಯಿತು.

ಫ್ಯೂಜು ಹೋಗುವುದು ದೊಡ್ಡ ಮಾತಲ್ಲ. ಒಂದೆಳೆ ತಂತಿ ಹಾಕಿ ಮತ್ತೆ ಶುರು ಮಾಡಿದೆ. ಅರ್ಧ ಕಂಬಿಗೆ ಮತ್ತೆ ಹೋಯಿತು. ಆಗ ಎರಡೆಳೆ ಹಾಕಿದೆ. ಮರುದಿನ ಅದೂ ಹೋಯಿತು. ತರಗತಿಯಲ್ಲಿ ಪದೇ ಪದೇ ಎದ್ದು ನಿಲ್ಲುವವರನ್ನು ಕೂರಿಸುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ನಾಲ್ಕೆಳೆ ಹೊಸೆದು ಹಗ್ಗದಂತೆ ಹಾಕಿ, “ಇನ್ನ ಹೆಂಗ ಹೋಗತೀ ನೋಡತೇನಿ” ಎಂದೆ. ಹೋಗಲಿಲ್ಲ. ಎರಡು ದಿನದಲ್ಲಿ ನಾಲ್ಕು ಕಂಬಿ ಸರಾಗವಾಗಿ ಇಳಿದವು. ಗೆದ್ದವನಂತೆ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಮೂಗು ಅರಳಿಸಿ, “ಏನೋ ಸುಟ್ಟ ವಾಸನಿ ಬರಾಕ ಹತ್ತೇತಲ್ರೀ” ಎಂದಳು.

ಬಾಣಂತಿ ಇರುವ ಮನೆಯಲ್ಲಿ ಸುಟ್ಟ ವಾಸನೆಯನ್ನು ಗುರುತಿಸುವುದು ಎಷ್ಟು ಕಠಿಣ ಎಂಬುದು ಅನುಭವಿಸಿದವರಿಗೇ ಗೊತ್ತು. ಶೇಗಡಿಯಲ್ಲಿ ಕೆಂಡ, ಕೆಂಡದ ಮೇಲೆ ಅಜವಾನ, ಬಳ್ಳೊಳ್ಳಿಯ ಸಿಪ್ಪೆ, ಲೋಬಾನ. ಎರೆದಾದ ಮೇಲೊಮ್ಮೆ ಹೊಗೆ, ಸಂಜೆಗೊಮ್ಮೆ ಹೊಗೆ. ಆ ಹೊಗೆಯೊಳಗೆ ಒಂದು ಗಿರಣಿಗೆ ಗಿರಣಿಯೇ ಸುಟ್ಟರೂ ಹೊರಗೆ ಗೊತ್ತಾಗುವಂತಿರಲಿಲ್ಲ. ಈ ಹೊಗೆಯ ಒಡತಿ ನನ್ನ ಅಕ್ಕ ಗಂಗಕ್ಕ. ಬಾಣಂತನ ಮಾಡಲೆಂದೇ ಮುನವಳ್ಳಿಯಿಂದ ಬಂದಿದ್ದಳು. “ಅದು ಅಜವಾನದ ವಾಸನಿ, ಚಲೋ ವಾಸನಿ. ಕೂಸಿಗೆ ಶೀತ ಆಗೂದಿಲ್ಲ” ಎಂದು ತೀರ್ಪು ಕೊಟ್ಟಳು. ನನ್ನ ಹೆಂಡತಿ ಒಪ್ಪಲಿಲ್ಲ. “ಅಜವಾನ ರಬ್ಬರಿನಂಗ ನಾರತೇತೇನ್ರಿ ಅಕ್ಕಾರ?” ಎಂದಳು.

ರಬ್ಬರು ಎಂದ ಕೂಡಲೇ ನನಗೆ ವೈರಿನ ನೆನಪಾಯಿತು. ಸಂಜೆ ಮೋಟಾರು ನಿಲ್ಲಿಸಿ ವೈರಿನ ಮೇಲೆ ಕೈಯಾಡಿಸಿದರೆ, ಬಾಗಿಲ ಕಡೆಯ ವೈರು ತಣ್ಣಗಿತ್ತು, ಬೋರ್ಡಿನ ಹತ್ತಿರದ ವೈರು ಜ್ವರ ಬಂದ ಕೂಸಿನ ಕೈಯಂತಿತ್ತು. ಆದರೆ ಬೋರ್ಡಿನ ಬಗ್ಗೆ ನನಗೆ ಸಂಶಯ ಬರಲು ಸಾಧ್ಯವೇ ಇರಲಿಲ್ಲ. ಇಡೀ ಮನೆಯಲ್ಲಿ ತಿಂಗಳಿಗೊಮ್ಮೆ ತಪ್ಪದೆ ತಪಾಸಣೆಯಾಗುತ್ತಿದ್ದ ವಸ್ತು ಅದೊಂದೇ. ಆದ್ದರಿಂದ ತಪ್ಪು ಬೇರೆ ಕಡೆಯೇ ಇರಬೇಕು. ಮನೆಯ ಒಂದೊಂದು ದೀಪವನ್ನೂ, ಬಾಣಂತಿಯ ಖೋಲಿಯ ಟೇಬಲ್ ಫ್ಯಾನನ್ನೂ, ರೇಡಿಯೋವನ್ನೂ ಸಂಶಯಿತರೆಂದು ಹಿಡಿದು ವಿಚಾರಣೆ ಶುರುಮಾಡಿದೆ. ಹಳೆಯದರ ಪಕ್ಕಕ್ಕೆ ಇನ್ನೊಂದು ಟೈಂಟೇಬಲ್ ಅಂಟಿಸಿದೆ: ಏಳರಿಂದ ಏಳೂವರೆ ಪಡಸಾಲೆಯ ದೀಪ ಬಂದ್, ಏಳೂವರೆಯಿಂದ ಎಂಟು ಅಡಿಗೆಮನೆಯದು ಬಂದ್, ಎಂಟರಿಂದ ಎಂಟೂವರೆ ಫ್ಯಾನು ಬಂದ್. ಪ್ರತಿ ಅರ್ಧ ಗಂಟೆಗೊಮ್ಮೆ ನಾನು ಹೋಗಿ ವೈರು ಮುಟ್ಟಿ ಬರುವುದು.

ಈ ವಿಚಾರಣೆಯಿಂದ ಎರಡು ದಿನದಲ್ಲಿ ತಿಳಿದುಬಂದದ್ದು ಇಷ್ಟೇ: ಕತ್ತಲಲ್ಲಿ ನನ್ನ ಹೆಂಡತಿ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಫ್ಯಾನು ನಿಂತ ಕೂಡಲೇ ಕೂಸು ಕಿರುಚುತ್ತದೆ. ಶಾಂತಾ ಒಳಗಿನಿಂದಲೇ, “ಅಪ್ಪಾ, ಇಕಿಗೆ ನಿಮ್ಮ ಟೈಂಟೇಬಲ್ಲ ಓದಾಕ ಬರೂದಿಲ್ಲ, ಫ್ಯಾನ ಹಚ್ಚರಿ!” ಎಂದು ಕೂಗಿದಳು. ನಾನು ಎಂಟೂವರೆಯಾಗಲು ಇನ್ನೂ ಹನ್ನೊಂದು ನಿಮಿಷವಿದೆ ಎಂದೆ. ಆ ಹನ್ನೊಂದು ನಿಮಿಷವನ್ನು ಇಡೀ ಓಣಿ ಕೇಳಿತು.

ಮನೆಯಲ್ಲಿ ಸುಖವಾಗಿದ್ದವಳು ಗಂಗಕ್ಕ ಒಬ್ಬಳೇ. ಒಳಗಿನ ಖೋಲಿಯಲ್ಲಿ ಆ ಹಲಗೆಯ ಗೋಡೆಗೆ ಮಡಿಚಿದ ಕೌದಿಯೊಂದನ್ನು ಆನಿಸಿ, ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಕೂರುತ್ತಿದ್ದಳು. “ತಮ್ಮಾ, ನೀ ಮಾಡಿದ್ದರಾಗ ಚಲೋ ಅಂದ್ರ ಈ ಗ್ವಾಡಿ ಒಂದ ನೋಡ. ಎರಡ ದಿನ ಬೆನ್ನ ಹಚ್ಚೇನಿ, ಹತ್ತ ವರ್ಷದ ಸೊಂಟನೋವು ಹಗರ ಆಗೇತಿ. ಇದು ಪುಣ್ಯದ ಗ್ವಾಡಿ” ಎಂದಳು. ನನ್ನ ಕೈಕೆಲಸವನ್ನು ಹೊಗಳುವವರು ಅಪರೂಪ. ನಾನು ಸಂಕೋಚದಿಂದ, “ಸಾಗವಾನಿ ಕಟಗಿ, ಅದರ ಗುಣಾನ ಹಂಗ” ಎಂದೆ.

ಒಂಬತ್ತನೆಯ ದಿನ ಮಧ್ಯಾಹ್ನ ಮೋಟಾರು ಓಡುತ್ತಿರುವಾಗಲೇ ನನ್ನ ಹೆಂಡತಿ ಕೂಸಿನ ಬಟ್ಟೆ ಒಣಹಾಕಲು ಹಗ್ಗ ಕಟ್ಟುತ್ತ ಆ ಹಲಗೆಯ ಮೇಲೆ ಕೈಯಿಟ್ಟಳು. ಇಟ್ಟವಳು ಥಟ್ಟನೆ ತೆಗೆದಳು. ನೇರ ಕಾರ್ಖಾನೆಗೆ ಬಂದು, ಸ್ವಿಚ್ಚು ಆರಿಸಿ, ನಡುವಿಗೆ ಕೈಯಿಟ್ಟು ನಿಂತಳು. “ರೊಟ್ಟಿ ಹಂಚ ಆಗೇತಿ ಆ ಹಲಗಿ. ಬಾಣಂತಿ ಇರೂ ಮನಿ, ಹಸಗೂಸು ಐತಿ. ಇವತ್ತಿನಿಂದ ಈ ಕೊಟಗಿ ಬಂದ್. ಸುರೇಬಾನದವರಿಗೆ ನಾನ ಕಾಗದ ಬರಸತೇನಿ, ಆ ಇಟ್ಟಂಗಿ ತೊಟ್ಟಲಾನ ತರ್ರಿ ಅಂತ.” ನಾನು ಹದಿನಾರು ಕಂಬಿ ಮುಗಿದಿವೆ, ಎಂಟೇ ಎಂಟು ಉಳಿದಿವೆ ಎಂದು ಹೇಳಲು ಹೋದೆ. ಅವಳು ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಮನೆಯಲ್ಲಿ ನಾನು ಬರೆಯದ ಟೈಂಟೇಬಲ್ ಅಂದೇ ಮೊದಲ ಬಾರಿ ಜಾರಿಗೆ ಬಂತು.

ಇನ್ನು ಪರಸಪ್ಪನ ಹೊರತು ದಾರಿಯಿರಲಿಲ್ಲ. ಅವನಿಗೂ ನನಗೂ ಒಂದೇ ವಯಸ್ಸು, ಆದರೆ ನನ್ನ ಗಡಿಯಾರ ಓಡುತ್ತದೆ, ಅವನದು ನಿಂತು ಯೋಚಿಸುತ್ತದೆ. ಬಾವಿ ಮೋಟಾರುಗಳಿಗೆ ತಂತಿ ಸುತ್ತುವ ಅವನ ಅಂಗಡಿಗೆ ಹೋಗಿ ವಿಷಯ ಹೇಳಿದೆ. “ಬರತೇನಿ ತಗೋರಿ” ಎಂದ. ಎಷ್ಟು ಗಂಟೆಗೆ ಎಂದು ಕೇಳಿದೆ. “ಚಾ ಆದ ಮ್ಯಾಲ” ಎಂದ. “ನಿನ್ನ ಚಾ ಯಾವಾಗ ಆಗತೇತಿ?” ಎಂದರೆ, “ನಂದಲ್ಲರೀ ಮಾಸ್ತರ್ರ, ನಿಮ್ಮ ಮನೀದು” ಎಂದ.

ಹತ್ತನೆಯ ದಿನ ಬೆಳಿಗ್ಗೆ ಬಂದ. ಚಹಾ ಕುಡಿದ, ಕೂಸನ್ನು ನೋಡಿದ, ಮುಖ ಯಾರನ್ನು ಹೋಲುತ್ತದೆ ಎಂಬ ಚರ್ಚೆಯಲ್ಲಿ ಭಾಗವಹಿಸಿದ. ನಾನು ತಡೆಯಲಾರದೆ, ಎರಡು ದಿನದ ವಿಚಾರಣೆಯ ವರದಿಯನ್ನು ಓದಿ ಹೇಳಿದೆ. ಯಾವ ಹೊತ್ತಿಗೆ ಯಾವ ದೀಪ ಬಂದಾಗಿತ್ತು, ವೈರಿನ ಸ್ಥಿತಿ ಏನಿತ್ತು ಎಲ್ಲ. ಅವನು ಕಣ್ಣು ಮುಚ್ಚಿ ಕೇಳಿ, ನನ್ನ ಕಡೆ ನೋಡದೆ ಗಂಗಕ್ಕನ ಕಡೆ ತಿರುಗಿದ. “ಎಕ್ಕಾ, ನೀ ದಿನಾ ಇಲ್ಲೇ ಕುಂದರತೀಯೇನ? ಬಿಸಿ ಬೆನ್ನಿಗೆ ಎಲ್ಲೆ ಹತ್ತತೇತಿ, ಖರೇ ಹೇಳ.”

“ಮದಲ ಮಣಿ ಹಾಕಿ ಕುಂದರತಿದ್ನಿ, ಸೊಂಟಕ್ಕ ಹತ್ತತಿತ್ತಪಾ. ನಿನ್ನೆ ಬರೇ ನೆಲದ ಮ್ಯಾಲ ಕುಂತ್ರ ಸ್ವಲ್ಪ ಮ್ಯಾಲ ಹತ್ತಿತು, ಈ ಎಡಗಡೆ ರೆಟ್ಟಿ ಕೆಳಗ” ಎಂದು ಗಂಗಕ್ಕ ಬೆನ್ನಿನ ಹಿಂದೆ ಕೈ ಹಾಕಿ ತೋರಿಸಿದಳು. “ಯಾವ ಹೊತ್ತಿಗೆ?” ಎಂದ ಅವನು. “ಇಂವ ಆ ಕಡೆ ಗಿರ್ ಅನಸಾಕ ಹತ್ತಿದ ಮ್ಯಾಲ. ಗಿರ್ ನಿಂತ್ರ ಆರತೇತಿ. ಲೈಟ ಹಚ್ಚಿದ್ರೂ ಅಷ್ಟ, ಆರಿಸಿದ್ರೂ ಅಷ್ಟ.” ನನ್ನ ಎರಡು ದಿನದ ವಿಚಾರಣೆಯ ಸಾರ ಅವಳ ಒಂದು ಬೆನ್ನಿನಲ್ಲಿತ್ತು. ಪರಸಪ್ಪ ಆ ಜಾಗಕ್ಕೆ ಸೀಮೆಸುಣ್ಣದಿಂದ ಒಂದು ಗುರುತು ಮಾಡಿ, ಮೊಳ ಹಾಕಿ ಅಳೆದು, ನನ್ನ ಹೆಂಡತಿಯಿಂದ ಕೀಲಿ ಈಸಿಕೊಂಡು ಆ ಕಡೆ ಹೋಗಿ ಅದೇ ಅಳತೆ ಹಾಕಿದ. ಬೆರಳು ನೇರ ಫ್ಯೂಜಿನ ಮೇಲೆ ಬಂತು.

ಮೇನ್ ಆರಿಸಿ ಬೋರ್ಡಿನ ಮುಂದೆ ಕುಳಿತವನು ಬಹಳ ಹೊತ್ತು ಹುಡುಕಿದ. “ಮಾಸ್ತರ್ರ, ನಾ ಹಾಕಿದ ಸ್ಕ್ರೂ ಎಲ್ಲೆ ಅದಾವ್ರಿ?” ಎಂದ. ನಾಲ್ಕು ವರ್ಷದ ವಿಭೂತಿ ಕುಂಕುಮಗಳು ಒದ್ದೆ ಬಟ್ಟೆಯಲ್ಲಿ ಕಲಸಿ ಕೆಸರಾಗಿ, ಒಂದರ ಮೇಲೊಂದು ಗಟ್ಟಿಯಾಗಿ ಬೋರ್ಡು ಲಿಂಗದ ರೂಪ ತಾಳಿತ್ತು. ಸ್ಕ್ರೂಗಳ ಜಾಗ ನನ್ನ ಕೈಗೆ ಮಾತ್ರ ಗೊತ್ತಿತ್ತು. ಅವನು ಒಮ್ಮೆ ಕೈಮುಗಿದು, ಆಮೇಲೆ ಚಾಕುವಿನಿಂದ ಕೆರೆದ. ಸ್ಕ್ರೂ ಸಿಕ್ಕಿತು. ಎರಡು ಬೆರಳಿನಿಂದ ಹಿಡಿದರೆ, ಡ್ರೈವರ್ ಬೇಕಾಗಲೇ ಇಲ್ಲ, ಹಾಲಹಲ್ಲಿನಂತೆ ಕೈಗೇ ಬಂತು. ಅದರ ಮೈಮೇಲೆ ಒಂದು ಸುತ್ತೂ ಉಳಿದಿರಲಿಲ್ಲ. ಅದು ಹಿಡಿದಿರಬೇಕಾಗಿದ್ದ ವೈರಿನ ತುದಿ ಕಪ್ಪಾಗಿ ಪುಡಿಯಾಗಿತ್ತು. ಬೋರ್ಡು ಕಳಚಿದಾಗ ಹಿಂದಿನ ಹಲಗೆಯಲ್ಲಿ ಅಂಗೈ ಅಗಲದ ಒಂದು ಕರಿ ಮಚ್ಚೆ. ನಾನು ಅದನ್ನು ನೋಡಿದೆ. ಅದರ ಆಚೆ ಒಂದು ಕೌದಿ, ಕೌದಿಯ ಆಚೆ ಗಂಗಕ್ಕ, ಗಂಗಕ್ಕನ ಕಾಲಮೇಲೆ ಕೂಸು. ಆಚೆಯಿಂದ ಕೂಸು ಒಂದು ಸಲ ಸೀನಿತು.

“ಸ್ಕ್ರೂ ಬಿಗಿ ಇಲ್ಲಂದ್ರ ಬಿಸಿ ಅಲ್ಲೇ ಹುಟ್ಟತೇತಿ” ಎಂದ ಪರಸಪ್ಪ. “ಫ್ಯೂಜ ಮೂರ ಸಲ ಬಾಯಿ ಮಾಡಿ ಹೇಳಿತು, ನೀವು ನಾಲ್ಕ ಎಳಿ ಹಾಕಿ ಬಾಯಿ ಹೊಲದ್ರಿ. ಅದಿರಲಿ, ಈ ಸ್ಕ್ರೂಕ ಈ ಗತಿ ಯಾರ ತಂದ್ರು? ಇಲ್ಲೆ ಯಾರರೆ ಕೈ ಆಡಸ್ಯಾರೇನು?”

ನನಗೆ ಸಿಟ್ಟೇ ಬಂತು. ಈ ಬೋರ್ಡಿಗೆ ನನ್ನ ಹೊರತು ಬೇರೆಯವರ ಕೈ ಬಿದ್ದಿಲ್ಲ ಎನ್ನುವುದಕ್ಕೆ ಬರವಣಿಗೆಯ ಪುರಾವೆಯೇ ಇದೆ ಎಂದು ವಹಿ ತಂದೆ. ಕನ್ನಡಕ ಏರಿಸಿ, ಸಾಲೆಯ ತಪಾಸಣಾಧಿಕಾರಿಯ ಮುಂದೆ ಓದುವ ಧ್ವನಿಯಲ್ಲಿ ಓದಿದೆ: “ಪ್ರತಿ ಅಮವಾಸ್ಯೆ, ಎಲ್ಲಾ ಸ್ಕ್ರೂ, ಅರ್ಧ ಸುತ್ತು ಬಿಗಿ ಮಾಡಲಾಗಿದೆ. ನಾಲ್ಕ ವರ್ಷದಾಗ ಒಂದೂ ತಪ್ಪಿಲ್ಲ. ಅಧಿಕ ಮಾಸ ಬಂದಾಗ ಅದರದ್ದೂ ಬಿಟ್ಟಿಲ್ಲ. ಒಟ್ಟು ನಲವತ್ತೊಂಬತ್ತು ಸಲ.”

ಪರಸಪ್ಪ ಬೆರಳು ಮಡಚುತ್ತ ಲೆಕ್ಕ ಹಾಕಿದ. “ನಲವತ್ತೊಂಬತ್ತ ಅರ್ಧಾ ಅಂದ್ರ ಇಪ್ಪತ್ನಾಲ್ಕೂವರಿ ಸುತ್ತ ಆತು. ಮಾಸ್ತರ್ರ, ಈ ಸ್ಕ್ರೂಕ ದೇವರು ಕೊಟ್ಟಿದ್ದ ಆರ ಸುತ್ತ. ಉಳದ ಹದಿನೆಂಟೂವರಿ ನೀವು ಎಲ್ಲೆ ತಿರುವಿದ್ರಿ?” ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗಿನಿಂದ ಶಾಂತಾಳ ನಗು, ಗಂಗಕ್ಕನ “ಏನಾತ, ಏನಾತ?”, ಮತ್ತೆ ಇಬ್ಬರ ನಗು ಕೇಳಿಸಿತು. ನಾನೂ ಒಂದೆರಡು ನಿಮಿಷ ಗಂಭೀರವಾಗಿ ನಿಂತು ನೋಡಿದೆ, ಆಗಲಿಲ್ಲ. ಪ್ರಗತಿ ಸಮಾಧಾನಕರ ಎಂದು ಬರೆದ ಪುಟ ಕಣ್ಣಿಗೆ ಬಿದ್ದದ್ದೇ ತಡ, ನನಗೂ ನಗು ಬಂದು ಕನ್ನಡಕ ತೆಗೆಯಬೇಕಾಯಿತು.

ಪರಸಪ್ಪ ಸುಟ್ಟಷ್ಟು ವೈರು ಕತ್ತರಿಸಿ ತೆಗೆದು, ಹೊಸ ಫ್ಯೂಜು ಕೂರಿಸಿ, ಬೋರ್ಡನ್ನು ಹಲಗೆಯ ಗೋಡೆಯಿಂದ ಕಿತ್ತು ಮಣ್ಣಿನ ಗೋಡೆಗೆ ಹಾಕಿದ. ಫ್ಯೂಜಿಗೆ ಒಂದೇ ಎಳೆ. ಮೋಟಾರು ಒಂದು ಗಂಟೆ ಓಡಿಸಿ, ನನ್ನ ಹೆಂಡತಿಯ ಕೈಯನ್ನೇ ವೈರಿನ ಮೇಲೆ ಇಡಿಸಿದ. ಅವಳು ತಲೆಯಾಡಿಸಿದಳು. ಕೊಟ್ಟಿಗೆಗೆ ಬಿಡುಗಡೆಯಾಯಿತು. ಗಂಗಕ್ಕ ಮಾತ್ರ ತಣ್ಣಗಾದ ಗೋಡೆಗೆ ಬೆನ್ನು ಹಚ್ಚಿ ನೋಡಿ, “ಒಳ್ಳೇದೊಂದು ಗ್ವಾಡಿ ಕೆಡಿಸಿದಿ ನೋಡ ಪರಸಪ್ಪಾ. ನನ್ನ ಸೊಂಟದ ಗತಿ ಏನು?” ಎಂದು ಜಗಳ ತೆಗೆದಳು.

ಉಳಿದ ಎಂಟು ಕಂಬಿಗಳನ್ನು ಎರಡು ದಿನದಲ್ಲಿ ಕಡೆದು, ರಾತ್ರಿಯೆಲ್ಲ ಜೋಡಿಸಿ ಪಾಲೀಶು ಮಾಡಿ, ಹದಿಮೂರನೆಯ ದಿನ ಒಂಬತ್ತೂಮುಕ್ಕಾಲಿಗೆ ಕೊನೆಯ ಬಟ್ಟೆ ಉಜ್ಜಿ ಕೈ ಒರೆಸಿಕೊಂಡೆ. ಬೀಗರು ಹತ್ತಕ್ಕೆ ಬರಲಿಲ್ಲ. ಬಸ್ಸು ಹನ್ನೊಂದೂಕಾಲಿಗೆ ಬಂತು. ಆ ಒಂದೂವರೆ ಗಂಟೆ ನಾನು ತೊಟ್ಟಿಲ ಪಕ್ಕ ಸಿಪಾಯಿಯಂತೆ ನಿಂತಿದ್ದೆ. ಬೀಗತಿ ಬಂದವರೇ ಸೀದಾ ತೊಟ್ಟಿಲಿಗೆ ಕೈ ಹಾಕಿ ಅಲುಗಾಡಿಸಿದರು, ಬಗ್ಗಿ ನಾಲ್ಕೂ ಕಾಲು ನೋಡಿದರು, ಕಂಬಿ ಎಣಿಸಿದರು. “ಇಟ್ಟಂಗಿ ಬೇಕಾಗೂದಿಲ್ಲ ಬಿಡ್ರಿ” ಎಂದರು. ನನ್ನ ಎದೆ ಎರಡು ಬೆರಳು ಏರಿತು. ಮತ್ತೆ ಬೆರಳಿನಿಂದ ಸಂದು ಮುಟ್ಟಿ ನೋಡಿ, “ಒಂದು ಸ್ಕ್ರೂನೂ ಕಾಣೂದಿಲ್ಲಲ್ಲರೀ ಬೀಗರ?” ಎಂದರು. ಎಲ್ಲವೂ ಕಟ್ಟಿಗೆಯ ಗೂಟದ ಜೋಡಣೆ ಎಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಆರತಿ ತಟ್ಟೆಯ ಹಿಂದಿನಿಂದ, “ಅದಕ್ಕ ಇನ್ನೂ ಗಟ್ಟಿ ಐತ್ರೀ” ಎಂದಳು. ಹೆಂಗಸರೆಲ್ಲ ನಗುವಾಗಲೇ ಕೂಸನ್ನು ತೊಟ್ಟಿಲಿಗೆ ಹಾಕಿದರು. ಗಂಗಕ್ಕ ಅದರ ಕಿವಿಯಲ್ಲಿ ಮೊದಲು “ಕರೆಂಟವ್ವಾ” ಎಂದು ಕೂಗಿ ಬೈಸಿಕೊಂಡು, ಆಮೇಲೆ ನಿಶ್ಚಯಿಸಿದ ಹೆಸರನ್ನು ಕೂಗಿದಳು.

ಮೊನ್ನೆ ಅಮವಾಸ್ಯೆ ಬಂತು. ನನ್ನ ಸ್ಕ್ರೂ ಡ್ರೈವರ್ ಈಗ ಅಡಿಗೆಮನೆಯಲ್ಲಿ ಉಪ್ಪಿನ ಗಡಿಗೆಯ ಹಿಂದೆ ಇರುತ್ತದೆ, ಕೇಳಿದರೆ ಕಾರಣ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕಾಯಿ ಒಡೆದು, ಒಣ ಕುಂಕುಮವನ್ನು ಬೋರ್ಡಿನ ಪಕ್ಕದ ಗೋಡೆಗೆ ಇಟ್ಟು, ಒಂದು ಮಾರು ದೂರ ಕೈಕಟ್ಟಿ ನಿಂತೆ. ಕೈ ಬಹಳ ತುರಿಸಿತು. ಬಾಗಿಲಲ್ಲಿ ಹೆಂಡತಿ ಕೂಸನ್ನೆತ್ತಿಕೊಂಡು ನಿಂತು ನೋಡುತ್ತಿದ್ದಳು, ಕೂಸೂ ನೋಡುತ್ತಿತ್ತು. ಅವರೆದುರಿಗೇ ವಹಿ ಬಿಚ್ಚಿ ಬರೆದೆ. ತಿಥಿ: ಅಮವಾಸ್ಯೆ. ಕೆಲಸ: ಏನೂ ಮಾಡಲಿಲ್ಲ. ಷರಾ: ಎಲ್ಲವೂ ಸುಸ್ಥಿತಿಯಲ್ಲಿದೆ. ನಾಲ್ಕು ವರ್ಷದಲ್ಲಿ ಇದಕ್ಕಿಂತ ಸತ್ಯವಾದ ಷರಾ ಬರೆದಿರಲಿಲ್ಲ. ಸಹಿ ಮಾಡಿ, ಸಾಲೆಯವರು ಕೊಟ್ಟ ಆ ಶಾಯಿ ಪೆನ್ನಿಗೆ ಟೋಪಿ ಹಾಕಿ ತಿರುವಿದೆ. ಬಿಗಿಯಾಗಿ ಕೂತಿತು. ಆದರೂ ಶಾಯಿ ಸೋರಬಾರದಲ್ಲ, ಎಂದು ಇನ್ನೊಂದೇ ಒಂದು ಅರ್ಧ ಸುತ್ತು ಕೊಟ್ಟೆ. ಟೋಪಿ ಟಕ್ಕೆಂದು ಸೀಳಿತು.